ಸದ್ದಿಲ್ಲದ ಕಡುಬಿನ ಪಾತ್ರೆ

"ಗುರುಗಳೇ, ಮೊದಲು ತಾವು ನನ್ನನ್ನು ದಿನವೂ ಬೈಯುತ್ತಿದ್ದಿರಿ. ಕಸ ಗುಡಿಸಿದರೆ ಮೂಲೆ ಬಿಟ್ಟೆ ಎನ್ನುತ್ತಿದ್ದಿರಿ. ಪಾಠ ಒಪ್ಪಿಸಿದರೆ ನಾಲಿಗೆ ಮಾತ್ರ ಓದಿದೆ ಎನ್ನುತ್ತಿದ್ದಿರಿ. ಈಚೆಗೆ ಎಷ್ಟೋ ತಿಂಗಳಿಂದ ಒಂದು ಬೈಗುಳವೂ ಇಲ್ಲ. ಉಳಿದವರನ್ನು ಈಗಲೂ ಬೈಯುತ್ತೀರಿ, ನನ್ನೊಬ್ಬನನ್ನು ಬಿಟ್ಟಿದ್ದೀರಿ. ಹಾಗಾದರೆ ನಾನು ಪಕ್ವವಾದೆ ಎಂದು ತಿಳಿಯಬಹುದೇ?"

ಕೇಳಿದವನು ಸೋಮಲಿಂಗ ಎಂಬ ಶಿಷ್ಯ. ಕೇಳುವಾಗ ಅವನ ಮುಖದಲ್ಲಿ ಉತ್ತರ ಆಗಲೇ ಸಿಕ್ಕಿಬಿಟ್ಟವನ ಕಳೆ ಇತ್ತು.

ಸೋಮಲಿಂಗ ಜಾಣ. ಮಠದಲ್ಲಿ ಅವನಷ್ಟು ಬೇಗ ಕಲಿಯುವವರು ಇರಲಿಲ್ಲ. ಆದರೆ ಗುರುಗಳು ತಿದ್ದಲು ಬಾಯಿ ತೆರೆದರೆ ಅವನ ಹತ್ತಿರ ಒಂದು ವಿವರಣೆ ಸಿದ್ಧವಾಗಿರುತ್ತಿತ್ತು. ಅವರು ಒಂದು ಅಂದರೆ ಇವನು ಎರಡು ಅನ್ನುತ್ತಿದ್ದ. ಅದನ್ನೂ ವಿನಯದಿಂದ, ಕೈ ಮುಗಿದುಕೊಂಡೇ ಅನ್ನುತ್ತಿದ್ದ. ಉಳಿದ ಶಿಷ್ಯರು ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದರು. ಆ ನಗು ಸೋಮಲಿಂಗನಿಗೆ ಹಿತವಾಗಿತ್ತು.

ಹೊತ್ತು ಮೂಡಿತ್ತು, ಮಂಜು ಮಾತ್ರ ಇನ್ನೂ ಕರಗಿರಲಿಲ್ಲ. ಮಠದ ಅಡುಗೆಮನೆಯಿಂದ ಬಂದ ಹಬೆ ಅಂಗಳಕ್ಕೆ ಇಳಿದು ಮಂಜಿನೊಳಗೆ ಸೇರಿಹೋಗುತ್ತಿತ್ತು. ಯಾವುದು ಹಬೆ, ಯಾವುದು ಮಂಜು ಎಂದು ಹೇಳುವ ಹಾಗಿರಲಿಲ್ಲ. ಗುರುಗಳು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಕೂತುಕೋ. ಒಬ್ಬ ಕಂಚುಗಾರನ ಕತೆ ಹೇಳುತ್ತೇನೆ," ಎಂದರು.

ಸೋಮಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕಡುಬು ಬೇಯಿಸುವ ಪಾತ್ರೆ ಮಾಡುವುದರಲ್ಲಿ ಅವನನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಆ ಪಾತ್ರೆಗೆ ಇರುವುದು ಮೂರೇ ಭಾಗ. ಕೆಳಗೆ ನೀರು ನಿಲ್ಲುವ ತಾಮ್ರದ ಹಂಡೆ, ಅದರ ಒಳಮೈಗೆ ಕಲಾಯಿ. ನಡುವೆ ತೂತಿನ ತಟ್ಟೆ. ಮೇಲೆ ಮುಚ್ಚಳ. ಕಷ್ಟವೆಲ್ಲ ಮುಚ್ಚಳದ್ದು. ಮುಚ್ಚಳ ಚಪ್ಪಟೆಯಾಗಿದ್ದರೆ ಹಬೆ ನೀರಾಗಿ ಕಡುಬಿನ ಮೇಲೆಯೇ ತೊಟ್ಟಿಕ್ಕುತ್ತದೆ, ಬೆಂದ ಕಡುಬು ಮುದ್ದೆಯಾಗುತ್ತದೆ. ಇವನು ಮುಚ್ಚಳವನ್ನು ಗುಮ್ಮಟದಂತೆ ಬಾಗಿಸುತ್ತಿದ್ದ. ಹನಿಗಳು ಅಂಚಿನ ಕಡೆಗೆ ಜಾರಿ ಮತ್ತೆ ಹಂಡೆಗೇ ಇಳಿಯುತ್ತಿದ್ದವು. ಇವನ ಪಾತ್ರೆಯಲ್ಲಿ ಬೆಂದ ಕಡುಬನ್ನು ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುತ್ತಿತ್ತು.

ಮಗಳನ್ನು ಗಂಡನ ಮನೆಗೆ ಕಳಿಸುವವರು ಮೊದಲು ಇವನ ಅಂಗಡಿಗೆ ಬರುತ್ತಿದ್ದರು. ಅವನಿಗೆ ಅದರ ಹೆಮ್ಮೆ ಇತ್ತು. ಇರಬೇಕಾದದ್ದೇ.

ಆದರೆ ಪಾತ್ರೆಯಾಗುವುದು ಪೆಟ್ಟಿನಿಂದ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಸುತ್ತಿಗೆಗಳು ಬೀಳುತ್ತಿದ್ದವು. ಅವನ ಸುತ್ತಿಗೆ ನಿಂತರೆ ಕೆಲಸದವರ ಸುತ್ತಿಗೆ, ಅವರದು ನಿಂತರೆ ಪಕ್ಕದ ಅಂಗಡಿಯದು. ಬೀದಿಗೆ ಬೀದಿಯೇ ಬಡಿದುಕೊಳ್ಳುತ್ತಿತ್ತು. ಸಂಜೆ ಬಾಗಿಲು ಹಾಕಿ ಮನೆಗೆ ಬಂದರೂ ಅವನ ಕಿವಿಯ ಒಳಗೆ ಯಾರೋ ಕೂತು ಬಡಿಯುತ್ತಲೇ ಇರುತ್ತಿದ್ದರು. ಹಾಗಾಗಿ ಅವನು ಲೋಕದಲ್ಲಿ ಬಯಸಿದ್ದು ಒಂದನ್ನೇ. ಮನೆಯಲ್ಲಿ ಸದ್ದಿರಬಾರದು.

ಮನೆಯಲ್ಲಿ ಎರಡು ಸದ್ದುಗಳಿದ್ದವು. ಒಂದು ಕಲ್ಲಿನದು, ಇನ್ನೊಂದು ಹೆಂಡತಿಯದು.

ಹೆಂಡತಿಯ ಹೆಸರು ಕಾಳಮ್ಮ. ಅವಳು ಬೆಳಕು ಹರಿಯುವ ಮುಂಚೆ ಎದ್ದು ಮನೆಯವರಿಗೂ ಅಂಗಡಿಯ ಕೆಲಸದವರಿಗೂ ಕಡುಬು ಇಡುತ್ತಿದ್ದಳು. ಹಂಡೆಗೆ ನೀರು ಹುಯ್ದು, ಅದರೊಳಗೆ ಒಂದು ನುಣ್ಣನೆಯ ಕಲ್ಲು ಹಾಕುತ್ತಿದ್ದಳು. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ತಾಯಿಯ ತಾಯಿಯೂ ಹಾಗೆಯೇ. ನೀರು ಕುದಿಯುವಷ್ಟು ಹೊತ್ತು ಕಲ್ಲು ತಳದಲ್ಲಿ ಕುಣಿಯುತ್ತದೆ, ಕಟಕಟ ಎನ್ನುತ್ತದೆ. ನೀರು ಆರಿದರೆ ಸುಮ್ಮನಾಗುತ್ತದೆ. ಅಡುಗೆಯವಳು ಚಟ್ನಿ ಅರೆಯುತ್ತಿರಲಿ, ಹಿತ್ತಲಿಗೆ ಹೋಗಿರಲಿ, ಒಂದು ಕಿವಿ ಒಲೆಯ ಕಡೆಗಿದ್ದರೆ ಸಾಕು. ನೀರು ನೋಡಲೆಂದು ಮುಚ್ಚಳ ತೆಗೆದು ಹಬೆ ಬಿಡಬೇಕಾಗಿಲ್ಲ.

ಕಲ್ಲು ಕುಣಿಯುತ್ತಿದ್ದಾಗ ಕಾಳಮ್ಮನ ಬಾಯಿಯೂ ಸುಮ್ಮನಿರುತ್ತಿರಲಿಲ್ಲ.

"ಹೊಗೆಗೆ ಕಣ್ಣು ಉರೀತದೆ, ಮಾಡಿಗೆ ಒಂದು ಹೊಗೆಗಂಡಿ ಬಿಡ್ಸಿ ಅಂತ ಎಷ್ಟು ಸಲ ಹೇಳ್ಲಿ? ಊರಿಗೆಲ್ಲ ಪಾತ್ರೆ ಮಾಡಿಕೊಡ್ತೀರಿ, ನಮ್ಮನೆ ಪಾತ್ರೆ ಹಿಡಿ ಕಳಚಿ ಬರ್ತಾ ಇದೆ. ಏನೂಂದ್ರೆ, ಕಡುಬು ಇಳ್ಸಿದೀನಿ, ಬಿಸಿ ಇದ್ದಾಗ ಎದ್ದು ಬರಬಾರ್ದಾ? ತಣ್ಣಗಾದ ಮೇಲೆ ತಿನ್ನೋಕೆ ನಾನು ಇಷ್ಟು ಹೊತ್ತಿಗೆ ಏಳ್ಬೇಕಿತ್ತಾ?"

ಕಂಚುಗಾರ ಇದನ್ನೆಲ್ಲ ಬೈಗುಳ ಎಂದು ಕರೆಯುತ್ತಿದ್ದ. ಅರ್ಧ ಬೈಗುಳವೇ ಹೌದು, ಇನ್ನರ್ಧ ಕರೆ. ಇವೆರಡನ್ನೂ ಬೇರೆ ಮಾಡುವಷ್ಟು ಬುದ್ಧಿ ಅವನಿಗಿರಲಿಲ್ಲ. ಅವನು ಮಗ್ಗುಲು ಬದಲಾಯಿಸಿ ಹೊದಿಕೆ ಎಳೆದುಕೊಳ್ಳುತ್ತಿದ್ದ.

ಆ ಹೊತ್ತಿನ ನಿದ್ದೆಯಲ್ಲಿ ಅವನಿಗೆ ಒಂದು ಕನಸು ಬೀಳುತ್ತಿತ್ತು. ಅವನು ಒಂದು ಬಂಡಿಯಲ್ಲಿ ಹೋಗುತ್ತಿರುತ್ತಾನೆ. ದಾರಿ ಬೆಳ್ಳಗಿದೆ, ಎರಡು ಕಡೆಯೂ ಮಂಜು. ಎತ್ತುಗಳ ಬೆನ್ನು ಮಾತ್ರ ಕಾಣುತ್ತದೆ, ಕೊಂಬು ಕಾಣುವುದಿಲ್ಲ. ಬಂಡಿಯ ಗಾಲಿ ಕಟಕಟ ಎಂದು ಉರುಳುತ್ತದೆ. ಪಕ್ಕದಲ್ಲಿ ಕಾಳಮ್ಮ ಗಂಟು ಮಡಿಲಲ್ಲಿಟ್ಟುಕೊಂಡು ಏನೋ ಹೇಳುತ್ತಿರುತ್ತಾಳೆ. ಮಾತು ಯಾವುದೆಂದು ತಿಳಿಯುವುದಿಲ್ಲ, ದನಿ ಇದೆ. ಬಂಡಿ ಎಲ್ಲಿಗೆ ಹೋಗುತ್ತಿದೆ ಎಂದು ಅವನು ಕೇಳುವುದಿಲ್ಲ. ತಲುಪುವ ಅವಸರವೂ ಇಲ್ಲ. ಅವನ ದಿನದಲ್ಲೆಲ್ಲ ಅವನು ಸುಖವಾಗಿದ್ದದ್ದು ಆ ಬಂಡಿಯಲ್ಲಿ ಮಾತ್ರ. ಆ ಗಾಲಿಯ ಸದ್ದು ಎಲ್ಲಿಂದ ಬರುತ್ತಿತ್ತು ಎಂದು ನಿನಗೆ ತಿಳಿಯಿತು, ಸೋಮಲಿಂಗ. ಅವನಿಗೆ ತಿಳಿದಿರಲಿಲ್ಲ.

ಒಂದು ದಿನ ಅಂಗಡಿಯಲ್ಲಿ ದೊಡ್ಡ ಹಂಡೆಗಳ ಕೆಲಸ. ತಲೆ ಚಿಟ್ಟು ಹಿಡಿದು ಮನೆಗೆ ಬಂದವನು ಒಂದು ನಿರ್ಧಾರ ಮಾಡಿದ. ಸದ್ದೇ ಇಲ್ಲದ ಕಡುಬಿನ ಪಾತ್ರೆಯೊಂದನ್ನು ಮಾಡುತ್ತೇನೆ ಎಂದುಕೊಂಡ. ನಗಬೇಡ. ದಿನವಿಡೀ ಪಾತ್ರೆ ಬಡಿಯುವವನಿಗಲ್ಲದೆ ಇಂಥ ಯೋಚನೆ ಇನ್ನು ಯಾರಿಗೆ ಬರುತ್ತದೆ?

ಮಾಡಿದ. ತಳ ದಪ್ಪವಾಗಿತ್ತು, ಕುದಿ ಹೊರಗೆ ಕೇಳುತ್ತಿರಲಿಲ್ಲ. ತಟ್ಟೆ ಹಂಡೆಯೊಳಗೆ ಕೂತರೆ ಅಲುಗುತ್ತಿರಲಿಲ್ಲ. ಮುಚ್ಚಳ ಅಂಚಿಗೆ ಅಂಚು ಕೂಡಿ ಕೂತಿತ್ತು, ಎಷ್ಟೇ ಹಬೆ ಬಂದರೂ ಪಟಪಟ ಎನ್ನುತ್ತಿರಲಿಲ್ಲ. ಹಬೆ ಹೋಗಲು ನೆತ್ತಿಯಲ್ಲಿ ಸಣ್ಣದೊಂದು ಕಂಡಿ ಇಟ್ಟಿದ್ದ. ಅದರಿಂದ ಬಿಳಿಯ ಎಳೆಯೊಂದು ನೆಟ್ಟಗೆ ಮೇಲೇಳುತ್ತಿತ್ತು. ಅಂಥ ಪಾತ್ರೆಯನ್ನು ಅವನೂ ಹಿಂದೆ ಮಾಡಿರಲಿಲ್ಲ.

ಕೆಲಸದವರೆಲ್ಲ ನೋಡಲು ಮನೆಗೆ ಬಂದರು. ಕಾಳಮ್ಮ ನೀರು ಹುಯ್ದು, ಕಲ್ಲು ಕೈಗೆತ್ತಿಕೊಂಡಳು. ಕಂಚುಗಾರ ಅವಳ ಕೈ ಹಿಡಿದ.

"ಇದಕ್ಕೆ ಕಲ್ಲು ಬೇಡ. ಇಷ್ಟು ನೀರು, ಇಷ್ಟು ಸೌದೆ ಅಂತ ನಾನು ಅಳತೆ ಹೇಳ್ತೀನಿ. ಅಷ್ಟು ಮಾಡು."

"ಸೌದೆ ಒಂದೊಂದು ದಿನ ಒಂದೊಂದು ಥರ ಉರಿಯುತ್ತೆ. ಕಲ್ಲಿಲ್ದೆ ಒಳಗೆ ನೀರಿದೆಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಸುಮ್ನಿರೇ. ಪಾತ್ರೆಗೆ ಮಾಡಿದ ಮುಚ್ಚಳ ಹೇಗೆ ಕೂತಿದೆ ನೋಡು. ನಿನ್ನ ಬಾಯಿ ಅಳತೆ ಕೊಡು, ಅದಕ್ಕೂ ಇಂಥದ್ದೇ ಒಂದು ಮುಚ್ಚಳ ಮಾಡಿಕೊಡ್ತೀನಿ."

ಕೆಲಸದವರು ನಕ್ಕರು. ತಮಾಷೆಗೆ ಆಡಿದ ಮಾತು, ನಗುವ ಮಾತೇ ಆಗಿತ್ತು. ಕಾಳಮ್ಮನೂ ಸ್ವಲ್ಪ ನಕ್ಕಳು. ಕೈಯಲ್ಲಿದ್ದ ಕಲ್ಲನ್ನು ಹಿತ್ತಲಿನ ಕಡೆಗೆ ಎಸೆದು, ಒಲೆಯ ಮುಂದೆ ಕುಳಿತಳು.

ಅವಳಿಗೆ ನೋವಾಯಿತು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಇಬ್ಬರೇ ಇದ್ದಾಗ ಗಂಡ ಆ ಮಾತು ಆಡಿದ್ದರೆ ಅವಳು ಒಂದಕ್ಕೆ ನಾಲ್ಕು ಸೇರಿಸಿ ಹಿಂದಿರುಗಿಸುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಜನ ನಕ್ಕ ಮಾತಿಗೆ ಒಬ್ಬಳು ಏನೆಂದು ಉತ್ತರ ಕೊಡಬೇಕು?

ಅವಳು ಮಾತು ಬಿಡಲಿಲ್ಲ. ಹಾಗೆ ಬಿಟ್ಟಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಬೇಕು, ಬೇಡ, ಹೂಂ, ಬಂದೆ ಎಲ್ಲ ಇತ್ತು. ಹೋದದ್ದು ಉಳಿದ ಮಾತು. ಮೊದಲು ಹೊಗೆಗಂಡಿಯ ಮಾತು ಹೋಯಿತು. ಆಮೇಲೆ ಪಾತ್ರೆಯ ಹಿಡಿ, ಅಂಗಡಿ ಮುಚ್ಚಿ ತಡವಾಗಿ ಬಂದದ್ದು, ತೊಳೆಯದ ಕಾಲಿನಲ್ಲಿ ಒಳಗೆ ಬಂದದ್ದು, ಇವುಗಳ ಮಾತುಗಳು ಒಂದೊಂದಾಗಿ ನಿಂತವು. ಕೊನೆಗೆ ಬಿಸಿ ಇದ್ದಾಗ ಬನ್ನಿ ಎಂದು ಕರೆಯುವುದೂ ನಿಂತಿತು. ಕಡುಬನ್ನು ತಟ್ಟೆಗೆ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಇಡುತ್ತಿದ್ದಳು. ಅವನು ಎದ್ದಾಗ ತಿನ್ನುತ್ತಿದ್ದ. ತಣ್ಣಗಿರುತ್ತಿತ್ತು. ಅದು ಅವನ ಗಮನಕ್ಕೆ ಬರಲಿಲ್ಲ, ಮೊದಲೂ ಅವನು ತಿನ್ನುತ್ತಿದ್ದದ್ದು ತಣ್ಣಗಿನದನ್ನೇ.

ಅವನಿಗೆ ಮಾತ್ರ ಸ್ವರ್ಗ ಸಿಕ್ಕಂತಾಗಿತ್ತು. ಮನೆಯಲ್ಲಿ ಕಲ್ಲಿನ ಸದ್ದಿಲ್ಲ, ಬೈಗುಳವಿಲ್ಲ. ಬೀದಿಯಲ್ಲಿ ಎದೆ ಉಬ್ಬಿಸಿ ಹೇಳಿಕೊಂಡು ತಿರುಗಿದ. "ನಮ್ಮನೆಗೆ ಬಂದು ನೋಡ್ರಯ್ಯಾ, ಸೂಜಿ ಬಿದ್ರೂ ಕೇಳುತ್ತೆ. ಇಷ್ಟು ವರ್ಷಕ್ಕೆ ನಮ್ಮವಳಿಗೆ ನನ್ನ ಮೇಲಿನ ದೂರೆಲ್ಲ ಮುಗೀತು." ಕೇಳಿದ ಗಂಡಸರಿಗೆ ಹೊಟ್ಟೆಕಿಚ್ಚಾಯಿತು. ತಮ್ಮ ಮನೆಗೂ ಒಂದು ಸದ್ದಿಲ್ಲದ ಪಾತ್ರೆ ಬೇಕೆಂದು ಮುಗಿಬಿದ್ದರು. ಅವನು ಅದೇ ಕೆಲಸಕ್ಕೆ ನಿಂತ. ಒಬ್ಬೊಬ್ಬರಿಗೂ ಪಾತ್ರೆ ಕೊಡುವಾಗ ಕಲ್ಲು ಹಾಕಬಾರದೆಂದು ಹೇಳಿ ಕಳಿಸುತ್ತಿದ್ದ.

ಊರಿನ ಹೆಂಗಸರು ಮೊದಲ ದಿನವೇ ಅದಕ್ಕೆ ಕಲ್ಲು ಹಾಕಿಕೊಂಡರು. ಅವನಿಗೆ ಹೇಳಲಿಲ್ಲ, ಅಷ್ಟೆ.

ಬೆಳಗಿನ ಕನಸು ಈಗಲೂ ಬೀಳುತ್ತಿತ್ತು. ಅದೇ ಬೆಳ್ಳಗಿನ ದಾರಿ, ಅದೇ ಮಂಜು, ಎತ್ತುಗಳ ಅದೇ ಬೆನ್ನು. ಆದರೆ ಗಾಲಿಗೆ ಸದ್ದಿರಲಿಲ್ಲ. ಬಂಡಿ ಹತ್ತಿಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ನಿದ್ದೆಯಲ್ಲೂ ಅವನು ತನ್ನ ಕೈಕೆಲಸವನ್ನು ತಾನೇ ಮೆಚ್ಚಿಕೊಂಡ. ಎಂಥ ಬಂಡಿ ಮಾಡಿದೆ, ಕುಲುಕಾಟವೇ ಇಲ್ಲ ಎಂದುಕೊಂಡ. ಹೀಗೆ ಬಹಳ ದಿನ ಹೋದ. ಒಂದು ಬೆಳಗ್ಗೆ, ಅದೇ ಬಂಡಿಯಲ್ಲಿ, ಏನೋ ಹೇಳಬೇಕೆನಿಸಿ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಟೂ ಇರಲಿಲ್ಲ. ಅವಳು ಯಾವ ತಿರುವಿನಲ್ಲಿ ಇಳಿದಳು ಎಂದು ಯೋಚಿಸಿದ. ಗೊತ್ತಾಗಲಿಲ್ಲ. ಎತ್ತುಗಳನ್ನು ನಿಲ್ಲಿಸಲು ಹಗ್ಗ ಹುಡುಕಿದ. ಕೈಗೆ ಮಂಜು ಸಿಕ್ಕಿತು.

ಎದ್ದು ಕೂತ. ಮನೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಆದರೆ ಒಂದು ವಾಸನೆ ಇತ್ತು. ಕಂಚುಗಾರನಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಖಾಲಿ ತಾಮ್ರ ಕಾಯುವ ವಾಸನೆ ಅದು.

ಅಡುಗೆಮನೆಗೆ ಓಡಿದ. ಒಲೆ ಧಗಧಗ ಉರಿಯುತ್ತಿತ್ತು. ಮುಚ್ಚಳದ ನೆತ್ತಿಯಿಂದ ಬಿಳಿಯ ಎಳೆ ಏಳುತ್ತಿರಲಿಲ್ಲ. ಹಂಡೆಯ ತಳ ಕೆಂಪಗಾಗಿತ್ತು. ಒಲೆಯ ಮುಂದೆ ಕಾಳಮ್ಮ ಕೂತಿದ್ದಳು. ನಿದ್ದೆ ಹೋಗಿರಲಿಲ್ಲ. ಕಣ್ಣು ತೆರೆದಿತ್ತು, ಒಲೆಯನ್ನೇ ನೋಡುತ್ತಿದ್ದಳು. ಅವನು ನೋಡುತ್ತಿದ್ದಂತೆ ಇನ್ನೊಂದು ಸೌದೆಯನ್ನು ಒಳಕ್ಕೆ ನೂಕಿದಳು.

ಅವನು ಬಟ್ಟೆ ಹಿಡಿದು ಮುಚ್ಚಳ ಕಿತ್ತ. ಕಡುಬುಗಳು ಒಣಗಿ ಬಿರುಕು ಬಿಟ್ಟಿದ್ದವು. ತಟ್ಟೆ ಎತ್ತಿ ಕೆಳಗೆ ನೋಡಿದ. ಒಂದು ಹನಿ ನೀರಿರಲಿಲ್ಲ. ಅವನ ಕೈಯಾರೆ ಹಾಕಿದ ಕಲಾಯಿ ಕರಗಿ, ಮಣಿಮಣಿಯಾಗಿ ತಳದಲ್ಲಿ ಓಡಾಡುತ್ತಿತ್ತು.

"ನೀರು ಆರಿಹೋಗಿದೆಯಲ್ಲೇ! ಗೊತ್ತಾಗ್ಲಿಲ್ವಾ ನಿನಗೆ?"

"ಗೊತ್ತಾಯ್ತು."

"ಗೊತ್ತಾದ್ರೆ ಒಂದು ಮಾತು ಕೂಗಿ ಹೇಳ್ಬಾರ್ದಾ? ನನ್ನ ಮೇಲೆ ಕೋಪಾನಾ?"

ಕಾಳಮ್ಮ ಅವನ ಮುಖ ನೋಡಿದಳು. ಆ ಪ್ರಶ್ನೆಗೆ ನಿಜವಾದ ಉತ್ತರ ಯಾವುದೆಂದು ಅವಳೂ ತನ್ನೊಳಗೆ ಹುಡುಕಿದಂತಿತ್ತು.

"ಕೋಪ ಏನಿಲ್ಲ. ಹೇಳ್ಬೇಕು ಅಂತ ಅನ್ನಿಸ್ಲಿಲ್ಲ, ಅಷ್ಟೆ," ಎಂದಳು.

ಆಗ ಅವನಿಗೆ ಭಯವಾಯಿತು. ಸೋಮಲಿಂಗ, ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇತ್ತು. ಅವಳು ಸದಾ ಇರುತ್ತಾಳೆ ಎಂದು ನಂಬಿದ್ದ, ಹಾಗಾಗಿ ಅವಳು ಇದ್ದಾಳೋ ಇಲ್ಲವೋ ಎಂದು ನೋಡಿರಲಿಲ್ಲ. ಅವಳ ಪಕ್ಕದಲ್ಲಿ ಕುಸಿದು ಕೂತು ಬೇಡಿಕೊಂಡ. "ಬೈಯೇ ನನ್ನ. ಅವತ್ತು ನಾಲ್ಕು ಜನರ ಮುಂದೆ ಅಂದೆನಲ್ಲ, ಅದಕ್ಕಾದ್ರೂ ಬೈಯಿ." ಕಾಳಮ್ಮ ಬಾಯಿ ತೆರೆದಳು. ಬಯ್ಯಲು ನಿಜವಾಗಿಯೂ ಪ್ರಯತ್ನಪಟ್ಟಳು. ತುಟಿ ಅಲುಗಿತು. ಒಳಗಿಂದ ಏನೂ ಬರಲಿಲ್ಲ. ಅವಳಿಗೇ ಅದು ಆಶ್ಚರ್ಯವಾದಂತೆ ಕಂಡಿತು.

ಪಕ್ಕದಲ್ಲಿ ತಣ್ಣೀರಿನ ಕೊಡವಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಲ್ಲಿ ಅದನ್ನು ಎತ್ತಿ ಹಂಡೆಗೆ ಸುರಿಯುತ್ತಿದ್ದರು. ಅವನು ಸುರಿಯಲಿಲ್ಲ. ಒಣಗಿ ಕಾದ ಪಾತ್ರೆಗೆ ತಣ್ಣೀರು ಬಿದ್ದರೆ ಬೆಸುಗೆ ಬಿಟ್ಟುಹೋಗುತ್ತದೆ, ಮತ್ತೆ ಅದನ್ನು ಯಾರೂ ಕೂಡಿಸಲಾರರು. ಮೊದಲು ಸೌದೆ ಹೊರಕ್ಕೆ ಎಳೆಯಬೇಕು. ಪಾತ್ರೆ ತಾನಾಗಿ ಆರಬೇಕು. ಆಮೇಲೆ ಉಜ್ಜಿ, ಹೊಸ ಕಲಾಯಿ ಹಾಕಬೇಕು. ನೀರು ಆ ನಂತರದ ಮಾತು. ಅವನಿಗೆ ಜನ್ಮದಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಇದೊಂದೇ. ಹೆಂಡತಿಯ ವಿಷಯದಲ್ಲೂ ಹಾಗೆಯೇ ಮಾಡಿದ. ಆಣೆ ಹಾಕಲಿಲ್ಲ, ಸೀರೆ ತರುತ್ತೇನೆ ಎನ್ನಲಿಲ್ಲ, ಮಾತಾಡು ಎಂದು ಪೀಡಿಸಲಿಲ್ಲ. ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆ ಎಳೆದು ಆರಿಸಿದ. ಅವಳನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದ. ಆ ದಿನ ಮನೆಯಲ್ಲಿ ಯಾರೂ ಏನೂ ತಿನ್ನಲಿಲ್ಲ.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಮಾಡು ಹತ್ತಿ, ತನ್ನ ಕೈಯಿಂದಲೇ ಹೊಗೆಗಂಡಿ ಬಿಡಿಸಿದ. ಅದು ಅವನ ಕಸುಬಲ್ಲ, ಸೊಟ್ಟಗಾಯಿತು. ಕಾಳಮ್ಮ ಕೆಳಗೆ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಹಿಡಿ ಸಡಿಲವಾಗಿದ್ದ ಹಳೆಯ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ಹಿಡಿ ಬಿಗಿ ಮಾಡಿ, ಕಲಾಯಿ ಹಾಕಿದ. ಹಿತ್ತಲಿಗೆ ಹೋಗಿ ಅವಳು ಎಸೆದ ಕಲ್ಲನ್ನು ಹುಡುಕಿದ. ಅಲ್ಲಿ ಕಲ್ಲುಗಳಿಗೆ ಬರವಿರಲಿಲ್ಲ, ಎಲ್ಲವೂ ಅದೇ ಎನ್ನುವ ಹಾಗಿದ್ದವು. ಕೊನೆಗೆ ನುಣ್ಣಗಿದ್ದ ಒಂದನ್ನು ತೊಳೆದು ತಂದ.

ಅಂದಿನಿಂದ ಬೆಳಗ್ಗೆ ಅವನೇ ಎದ್ದ. ನೀರು ಹುಯ್ದು, ಕಲ್ಲು ಹಾಕಿ, ಒಲೆ ಹಚ್ಚಿ, ಅದರ ಮುಂದೆ ಕೂತ. ಬಿಸಿ ಇರುವಾಗಲೇ ಕಡುಬು ಇಳಿಸಿ ಇಬ್ಬರಿಗೂ ಬಡಿಸಿದ. ಅವನ ಕಡುಬನ್ನು ಏನೆಂದು ಹೇಳಲಿ? ಒಂದು ದಿನ ಹಸಿ ಹಿಟ್ಟು, ಇನ್ನೊಂದು ದಿನ ಇಟ್ಟಿಗೆ. ಕೆಲಸದವರು ಗೋಡೆಯ ಆಚೆ ನಿಂತು ನಕ್ಕರು. ನಗಲಿ ಎಂದು ಬಿಟ್ಟ. ಕಾಳಮ್ಮ ಕೊಟ್ಟದ್ದನ್ನು ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಹಬೆಯ ನಡುವೆ ಅವಳು ಇದ್ದಾಳೋ ಇಲ್ಲವೋ ಎಂದು ಅವನು ಎಷ್ಟೋ ಸಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕಲ್ಲಿನ ಸದ್ದು ಕೇಳಿದಾಗ ಅವಳ ಮುಖ ಸ್ವಲ್ಪ ಒಲೆಯ ಕಡೆಗೆ ತಿರುಗುತ್ತಿತ್ತು. ಅಷ್ಟೇ ಅವನಿಗೆ ಸಿಗುತ್ತಿದ್ದದ್ದು. ಹೀಗೆ ಎಷ್ಟು ದಿನ ಎಂದು ಅವನು ಲೆಕ್ಕ ಇಡಲಿಲ್ಲ. ಅವನು ಈಗ ಮಲಗಿದರೆ ಕನಸು ಬೀಳುತ್ತಿರಲಿಲ್ಲ.

ಒಂದು ಬೆಳಗ್ಗೆ ಅವನು ತೂತಿನ ತಟ್ಟೆಯ ಮೇಲೆ ಬಟ್ಟೆ ಹಾಸಿ, ಹಿಟ್ಟು ಹುಯ್ದು ಬೇಯಿಸಿದ. ಬೆಂದ ಮೇಲೆ ಎತ್ತಲು ಹೋದರೆ ಕಡುಬು ಬರಲಿಲ್ಲ. ಮೇಲಿನರ್ಧ ಕೈಗೆ ಬಂತು, ಕೆಳಗಿನರ್ಧ ಬಟ್ಟೆಯಲ್ಲೇ ಕಚ್ಚಿಕೊಂಡಿತು. ಅವನು ಬೆರಳಿನಿಂದ ಕೆರೆಯುತ್ತಾ ಕೂತ.

"ಬಟ್ಟೆ ನೆನಸದೆ ಹಾಸ್ತಾರಾ ಯಾರಾದ್ರೂ?"

ಕಂಚುಗಾರ ಕೆರೆಯುವುದನ್ನು ನಿಲ್ಲಿಸಿದ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ನೀರಲ್ಲಿ ಅದ್ದಿ, ಹಿಂಡಿ, ಆಮೇಲೆ ಹಾಸ್ಬೇಕು. ಇಷ್ಟು ವರ್ಷ ಕಡುಬಿನ ಪಾತ್ರೆ ಮಾಡಿದ್ದೀರಿ, ಕಡುಬು ಬಟ್ಟೆ ಬಿಟ್ಟು ಏಳೋದು ಹೇಗೆ ಅಂತ ಗೊತ್ತಿಲ್ವಲ್ಲ ನಿಮಗೆ! ಹಿಟ್ಟು ದಂಡ, ಬಟ್ಟೆ ದಂಡ. ಆ ಹೊಗೆಗಂಡಿ ಬೇರೆ. ಅಷ್ಟಗಲ ಬಿಡೋದಾ ಅದನ್ನ? ಮಳೆ ಬಂದ್ರೆ ನೇರ ಒಲೆ ಮೇಲೇ ಸುರಿಯುತ್ತೆ. ಕಣ್ಣು ಎಲ್ಲಿಟ್ಟುಕೊಂಡು ಮಾಡಿದ್ರಿ? ಅವತ್ತು ಅವರೆಲ್ಲರ ಮುಂದೆ ನನ್ನ ಬಾಯಿಗೆ ಮುಚ್ಚಳ ಮಾಡ್ತೀನಿ ಅಂದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮಗೆ?"

ಅವಳು ನಿಲ್ಲಿಸಲಿಲ್ಲ. ಅಷ್ಟು ತಿಂಗಳಿಂದ ಆಡದೆ ಬಿಟ್ಟದ್ದೆಲ್ಲ ಒಂದರ ಹಿಂದೆ ಒಂದು ಬಂತು. ದನಿ ಏರಿತು. ನಡುವೆ ಒಂದೆರಡು ಸಲ ಅಳುವೂ ಬಂತು, ಅದನ್ನು ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಪಕ್ಕದ ಮನೆಯವರು ಏನು ಗಲಾಟೆ ಎಂದು ಬಾಗಿಲಿಗೆ ಬಂದರು. ನೋಡಿದರೆ ಕಂಚುಗಾರ ಹಿಟ್ಟು ಮೆತ್ತಿದ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅವಳ ಮುಂದೆ ನೆಲದ ಮೇಲೆ ಕೂತಿದ್ದಾನೆ. ಮುಖದ ಮೇಲೆ ಕಣ್ಣೀರು ಇಳಿಯುತ್ತಿದೆ. ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಾನೆ. ಒಂದು ಮಾತಿಗೂ ಎದುರಾಡಲಿಲ್ಲ. ಪೂರ್ತಿ ಕೇಳಿದ.

ಗುರುಗಳು ಕತೆ ನಿಲ್ಲಿಸಿದರು.

ಅಂಗಳದಲ್ಲಿ ಮಂಜು ತೆಳುವಾಗಿತ್ತು. ಸೋಮಲಿಂಗನ ಮುಖದಲ್ಲಿ ಬಂದಾಗಿನ ಕಳೆ ಇರಲಿಲ್ಲ. ಅವನಿಗೆ ಗುರುಗಳು ಬೈಯದೆ ಬಿಟ್ಟ ಮೊದಲ ದಿನ ನೆನಪಾಗುತ್ತಿತ್ತು. ಅಂದು ಅವರು ಏನೋ ತಿದ್ದಲು ಬಂದಿದ್ದರು. ಇವನು ಕೈ ಮುಗಿದುಕೊಂಡೇ 'ತಮಗೆ ಬೆಳಗಿನ ಜಪಕ್ಕಿಂತ ನನ್ನ ತಪ್ಪೇ ಮುಖ್ಯವಾಯಿತಲ್ಲ' ಎಂದಿದ್ದ. ಎಲ್ಲರೂ ನಕ್ಕಿದ್ದರು. ಗುರುಗಳೂ ಸ್ವಲ್ಪ ನಕ್ಕು ಒಳಗೆ ಹೋಗಿದ್ದರು. ಆ ದಿನ ತಾನು ಗೆದ್ದೆ ಎಂದು ಅವನು ತಿಳಿದಿದ್ದ.

ಅವನಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಕೇಳದೆ ಹೋಗಲೂ ಆಗಲಿಲ್ಲ.

"ಗುರುಗಳೇ," ಎಂದ. "ನನ್ನ ವಿಷಯದಲ್ಲಿ ತಮ್ಮಲ್ಲಿ ನೀರು ಆರಿಹೋಯಿತೇ?"

ಗುರುಗಳು ಅವನನ್ನು ನೋಡಿದರು.

"ಮಂಕೇ, ಇಷ್ಟು ಹೊತ್ತೂ ನಾನು ನಿನ್ನನ್ನು ಬೈಯುತ್ತಲೇ ಇದ್ದೆ."